ಬೀಟೆಯ ತುಂಡು ಬಿರಿಯದಿರಲು

ಮೈಸೂರಿನ ಇನ್ಲೇ ಕಲೆಯಿಂದ ನಮಗೆ ಪರಿಚಿತವಾದ ಬೀಟೆಯಾಗಲಿ, ಆಫ್ರಿಕದ ಕರಿಮರವಾಗಲಿ, ದಟ್ಟವಾದ ಮರ ಒಣಗುವುದು ಬಹು ನಿಧಾನ. ಹಸಿ ತುಂಡನ್ನು ನಾವು ಬಿಸಿಲಿಗಿಟ್ಟರೆ ಹೊರಮೈ ಬೇಗನೆ ಕುಗ್ಗುತ್ತದೆ. ಒಳಭಾಗ ತೇವದಿಂದ ಉಬ್ಬಿಯೇ ಇರುತ್ತದೆ. ಈ ಎಳೆದಾಟದಲ್ಲಿ, ಸುಲಭವಾಗಿ ಮತ್ತೆ ದೊರೆಯದ ಮರ ಸೀಳಿಹೋಗುತ್ತದೆ.

ತೇವವು ಪಕ್ಕಗಳಿಗಿಂತ ಅಡ್ಡ ಕೊಯ್ದ ತುದಿಗಳಿಂದ ಹಲವು ಪಟ್ಟು ವೇಗವಾಗಿ ಹೊರಹೋಗುತ್ತದೆ. ಆದುದರಿಂದ ಕೊಯ್ದ ದಿನವೇ ಎರಡೂ ತುದಿಗಳಿಗೆ ಕರಗಿಸಿದ ಮೇಣವನ್ನು ಬಳಿದು, ನಡುನಡುವೆ ತೆಳುಪಟ್ಟಿಗಳನ್ನಿಟ್ಟು, ಗಾಳಿಯಾಡುವ ನೆರಳಿನಲ್ಲಿ ಪೇರಿಸಬೇಕು. 1 ಅಂಗುಲ ದಪ್ಪಕ್ಕೆ 1 ವರ್ಷವೆಂಬುದು ಹಳೆಯ ಲೆಕ್ಕ. ದಟ್ಟ ಮರಕ್ಕೆ ಇನ್ನೂ ಹೆಚ್ಚು ಬೇಕಾಗಬಹುದು. ಚಿಕ್ಕ ಪೆಟ್ಟಿಗೆ, ಚದುರಂಗದ ಕಾಯಿಗಳಿಗಾದರೆ ಬೇಕಾದ ಅಳತೆಗಿಂತ ತುಸು ದೊಡ್ಡದಾಗಿ ಮೊದಲೇ ಕೊಯ್ದಿಡುವುದು ಲೇಸು.

ತಿಂಗಳಿಗೊಮ್ಮೆ ಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡೋಣ. ತೂಕ ಇಳಿಯುವುದು ನಿಂತಿತೆಂದರೆ ಮರ ಸುತ್ತಲಿನ ಗಾಳಿಗೆ ಹೊಂದಿಕೊಂಡಿತೆಂದರ್ಥ. ಆದರೆ ಆ ಗಾಳಿ ಯಾವ ಊರಿನದು, ಯಾವ ಋತುವಿನದು? ಮುಂಬಯಿಯ ಮಳೆಗಾಲದಲ್ಲಿ ಬಿಗಿಯಾಗಿ ಜೋಡಿಸಿದ ಪೆಟ್ಟಿಗೆ ದೆಹಲಿಯ ಬೇಸಿಗೆಯಲ್ಲಿ ಬಿರಿಯಬಹುದು. ಮಳೆಗಾಲ ಕಳೆದು, ತೂಕ ಮತ್ತೊಮ್ಮೆ ಸ್ಥಿರಗೊಂಡ ಬಳಿಕವೇ ಉಳಿಯನ್ನು ಕೈಗೆತ್ತಿಕೊಳ್ಳುವುದು ಯುಕ್ತ.