ಒಂದು ಹೊಂಗೆ ಮರ, ಒಂದು ನೋಟ್‌ಬುಕ್

ಮೂರನೇ ತರಗತಿಯ ಮಕ್ಕಳಿಗೆ ಮರದ ಚಿತ್ರ ಬರೆಯಲು ಹೇಳಿ ನೋಡಿ. ಕಂದು ಕಾಂಡ, ಮೇಲೊಂದು ಹಸಿರು ಮೋಡ, ಮೋಡದಲ್ಲಿ ನಾಲ್ಕು ಕೆಂಪು ಹಣ್ಣು. ಕಿಟಕಿಯಾಚೆ ನಿಂತ ಹೊಂಗೆಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ಹೊಂಗೆಯ ತೊಗಟೆ ಬೂದು, ಕಾಯಿ ಚಪ್ಪಟೆ.

ನಮ್ಮಲ್ಲಿ ಮರದ ಪಾಠವೆಂದರೆ ಜೂನ್ 5ರಂದು ಗುಂಡಿ ತೋಡಿ, ಸಸಿ ನೆಟ್ಟು, ಫೋಟೊ ತೆಗೆಸಿಕೊಳ್ಳುವುದು. ಮುಂದಿನ ವರ್ಷ ಎಷ್ಟೋ ಕಡೆ ಅದೇ ಗುಂಡಿ ಮತ್ತೆ ಕೆಲಸಕ್ಕೆ ಬರುತ್ತದೆ! ಸಸಿ ನೆಡಬೇಡಿ ಎನ್ನುತ್ತಿಲ್ಲ. ಆವರಣದಲ್ಲಿ ಈಗಾಗಲೇ ಇರುವ ಒಂದು ಮರವನ್ನು ವರ್ಷವಿಡೀ ವಾರಕ್ಕೊಮ್ಮೆ ನೋಡಿಸಿದರೆ ಅದಕ್ಕಿಂತ ಹೆಚ್ಚು ಕಲಿಯುತ್ತಾರೆ. ಬೇಕಾದದ್ದು ಒಂದು ನೋಟ್‌ಬುಕ್, ಒಂದು ಟೇಪು.

ಎಲೆಯಿಂದ ಶುರುಮಾಡಿ. ಹೊಂಗೆಯ ಒಂದು ಎಲೆ ತನ್ನಿ ಎಂದರೆ ಮಕ್ಕಳಿರಲಿ, ದೊಡ್ಡವರೂ ಬಹುತೇಕ ತಪ್ಪುತ್ತಾರೆ. ತರುವುದು ಕಿರುಎಲೆ. ಐದೋ ಏಳೋ ಕಿರುಎಲೆಗಳ ಇಡೀ ಕಡ್ಡಿಯೇ ಒಂದು ಎಲೆ. ಗುರುತೇನು? ಎಲೆಯ ತೊಟ್ಟು ರೆಂಬೆಗೆ ಸೇರುವ ಕಂಕುಳಲ್ಲಿ ಪುಟ್ಟ ಮೊಗ್ಗು ಕೂತಿರುತ್ತದೆ. ಕಿರುಎಲೆಯ ಬುಡದಲ್ಲಿ ಇರುವುದಿಲ್ಲ. ಇದು ತಿಳಿದ ಮಗು ಸಂಜೆ ಅಡುಗೆಮನೆಯಲ್ಲಿ ಕರಿಬೇವಿನ ಕಡ್ಡಿ ಎತ್ತಿ ಹಿಡಿದು ಅಮ್ಮನಿಗೇ ಪಾಠ ಹೇಳುತ್ತದೆ. ಮಲೆನಾಡಿನ ಶಾಲೆಯಾದರೆ ಅಕೇಶಿಯಾ ತೋರಿಸಿ. ಅದರಲ್ಲಿ ಎಲೆಯಂತೆ ಕಾಣುವುದು ಅಗಲಗೊಂಡ ತೊಟ್ಟು. ಸಣ್ಣ ಕಿರುಎಲೆಗಳಿರುವ ನಿಜವಾದ ಎಲೆ ಎಳೆ ಸಸಿಯಲ್ಲಷ್ಟೇ ಸಿಗುತ್ತದೆ.

ಹೊಂಗೆ ಎಲೆಯ ಮೇಲೆ ಗುಳ್ಳೆಗಳೆದ್ದಿದ್ದರೆ ಅದನ್ನೂ ಬಿಡಬೇಡಿ. ಬರಿಗಣ್ಣಿಗೆ ಕಾಣದ ನುಸಿಗಳು ಎಲೆಯಿಂದಲೇ ಕಟ್ಟಿಸಿಕೊಂಡ ಮನೆಗಳವು. ಬಿಸಿಲಿನ ದಿನ ಎಲೆ ತುಂಬಿದ ರೆಂಬೆಗೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಕಟ್ಟಿಬಿಟ್ಟರೆ ಊಟದ ಬೆಲ್ ಹೊತ್ತಿಗೆ ಒಳಗೆಲ್ಲ ನೀರಹನಿ. ಬಾಷ್ಪವಿಸರ್ಜನೆ ಎಂಬ ಪದ ಆಮೇಲೆ ಬರಲಿ, ಬಾರದಿದ್ದರೂ ನಷ್ಟವಿಲ್ಲ.

ಐದನೇ ತರಗತಿಗೆ ಎತ್ತರದ ಲೆಕ್ಕ ಕೊಡಿ. 1 ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ ನೆರಳು ಅಳೆಯಲಿ, ಅದೇ ಹೊತ್ತಿಗೆ ಮರದ ನೆರಳನ್ನೂ ಬುಡದಿಂದ ಅಳೆಯಲಿ. ಕೋಲಿನದು 50 ಸೆಂ.ಮೀ., ಮರದ್ದು 4 ಮೀಟರ್ ಬಂದರೆ ಮರದ ಎತ್ತರ 8 ಮೀಟರ್. ಸುತ್ತಳತೆಯನ್ನು ಅರಣ್ಯ ಇಲಾಖೆಯವರು ನೆಲದಿಂದ 1.37 ಮೀಟರ್ ಮೇಲೆ ತೆಗೆಯುತ್ತಾರೆ. ಮಕ್ಕಳೂ ಹಾಗೇ ಮಾಡಲಿ.

ಒಂದು ಮರದಿಂದ ಕಾಡಿಗೆ ದಾಟಲು ಶ್ರೀಗಂಧ ಒಳ್ಳೆಯ ಸೇತುವೆ. ನಮ್ಮ ರಾಜ್ಯದ ಮರವಾದ ಇದು ಒಂಟಿಯಾಗಿ ಚೆನ್ನಾಗಿ ಬೆಳೆಯದು. ಪಕ್ಕದ ಗಿಡಗಳ ಬೇರಿಗೆ ತನ್ನ ಬೇರು ಕಚ್ಚಿಸಿ ನೀರು, ಲವಣ ಹೀರುತ್ತದೆ. ಗಂಧ ಬೆಳೆಯುವ ರೈತರು ಜೊತೆಗೆ ತೊಗರಿ ಹಾಕುವುದು ಇದಕ್ಕೇ. ಈ ಕತೆ ಹೇಳಿದ ಮೇಲೆ ಒಂದು ಮೀಟರ್ ಚೌಕದ ದಾರವನ್ನು ಮೊದಲು ಆಟದ ಬಯಲಿನಲ್ಲಿ, ಆಮೇಲೆ ಹೊಂಗೆಯಡಿ, ಊರಲ್ಲಿದ್ದರೆ ದೇವರಬನದಲ್ಲೂ ಹಾಸಿ. ಎಷ್ಟು ಬಗೆಯ ಎಲೆ, ಎಷ್ಟು ಬಗೆಯ ಹುಳು, ಮಣ್ಣು ಹಿಡಿದರೆ ತಂಪೋ ಬಿಸಿಯೋ, ಬರೆದುಕೊಳ್ಳಲಿ. ಬಾಯಿಗೆ ಮಾತ್ರ ಏನನ್ನೂ ಹಾಕಿಕೊಳ್ಳಬಾರದು: ಬೇಲಿಯ ಕಣಗಿಲೆಯ ಪ್ರತಿ ಭಾಗವೂ ವಿಷ. ಕಂಬಳಿಹುಳವನ್ನು ದೂರದಿಂದಲೇ ನೋಡಲಿ.

ಹೊಂಗೆ ಎಲೆ ಉದುರಿಸಿ ಯುಗಾದಿಯ ಆಸುಪಾಸಿಗೆ ಎಳೆಹಸಿರು ಚಿಗುರು ತಳೆಯುವುದು ಪರೀಕ್ಷೆಯ ಗಡಿಬಿಡಿಯಲ್ಲೇ. ಹತ್ತು ನಿಮಿಷವಾದರೂ ಹೊರಗೆ ಕರೆದೊಯ್ಯಿರಿ. ಬೇಸಿಗೆಯಲ್ಲಿ ಬಿಟ್ಟ ಹೂವು ಕಾಯಾಗಿ ಬಲಿಯಲು ಸುಮಾರು ಹತ್ತು ತಿಂಗಳು ಬೇಕು. ಆ ಹೊತ್ತಿಗೆ ಮಕ್ಕಳು ಮುಂದಿನ ತರಗತಿಯಲ್ಲಿರುತ್ತಾರೆ. ರಜೆ ಬಂತೆಂದು ಆ ನೋಟ್‌ಬುಕ್ ಅನ್ನು ರದ್ದಿಗೆ ಹಾಕಬೇಡಿ.