ಲಿಜಿಯಾ (ಸಣ್ಣಕಥೆ)

'ಲಿಜಿಯಾ' ಅಮೆರಿಕದ ಲೇಖಕ ಎಡ್ಗರ್ ಅಲನ್ ಪೋ (1809–1849) ರಚಿಸಿದ ಗೋಥಿಕ್ ಸಣ್ಣಕಥೆ. 1838ರ ಸೆಪ್ಟೆಂಬರ್‌ನಲ್ಲಿ ಬಾಲ್ಟಿಮೋರ್‌ನ 'ಅಮೆರಿಕನ್ ಮ್ಯೂಸಿಯಂ' ಪತ್ರಿಕೆಯಲ್ಲಿ ಮೊದಲು ಪ್ರಕಟವಾಯಿತು. ತನ್ನ ಕಥೆಗಳಲ್ಲಿ ಇದೇ ಅತ್ಯುತ್ತಮವೆಂದು ಪೋ ಪತ್ರವೊಂದರಲ್ಲಿ ಹೇಳಿಕೊಂಡಿದ್ದಾನೆ.

ಕಥಾವಸ್ತು

ಹೆಸರಿಲ್ಲದ ನಿರೂಪಕನು ಗತಿಸಿದ ಪತ್ನಿ ಲಿಜಿಯಾಳನ್ನು ನೆನೆಯುತ್ತಾನೆ. ಆಕೆಯ ಕಪ್ಪು ಕಣ್ಣುಗಳನ್ನು ಎಷ್ಟು ಬಣ್ಣಿಸಿದರೂ ಅವನಿಗೆ ತೃಪ್ತಿಯಿಲ್ಲ. ಆದರೆ ಆಕೆಯನ್ನು ಮೊದಲು ಕಂಡದ್ದು ಯಾವಾಗ ಎಂಬುದು ನೆನಪಿಲ್ಲ, ಆಕೆಯ ಮನೆತನದ ಹೆಸರೂ ತಿಳಿಯದು. ಇಚ್ಛಾಶಕ್ತಿ ಕುಂದದವನನ್ನು ಸಾವು ಗೆಲ್ಲಲಾರದೆಂಬ ನಂಬಿಕೆಯನ್ನು ಉಚ್ಚರಿಸುತ್ತಲೇ ಲಿಜಿಯಾ ಪ್ರಾಣ ಬಿಡುತ್ತಾಳೆ. ಈ ಮಾತನ್ನು ಪೋ 17ನೆಯ ಶತಮಾನದ ಜೋಸೆಫ್ ಗ್ಲಾನ್‌ವಿಲ್‌ನದೆಂದು ಕಥೆಯ ತಲೆಯಲ್ಲೂ ಕೊಟ್ಟಿದ್ದಾನೆ. ಗ್ಲಾನ್‌ವಿಲ್‌ನ ಬರಹಗಳಲ್ಲಿ ಅದನ್ನು ಯಾರೂ ಗುರುತಿಸಲು ಸಾಧ್ಯವಾಗಿಲ್ಲ.

ಬಳಿಕ ನಿರೂಪಕನು ಇಂಗ್ಲೆಂಡಿನ ಹಳೆಯ ಕ್ರೈಸ್ತ ಮಠವೊಂದನ್ನು ಕೊಂಡು, ಹೊಂಗೂದಲಿನ ರೊವೆನಾಳನ್ನು ಮದುವೆಯಾಗುತ್ತಾನೆ. ಅವಳಿಗಾಗಿ ಸಜ್ಜುಗೊಳಿಸಿದ ಐದು ಮೂಲೆಗಳ ಶಯನಗೃಹದ ಒಂದೊಂದು ಮೂಲೆಯಲ್ಲೂ ಕರಿಕಲ್ಲಿನ ಶವಪೆಟ್ಟಿಗೆ ನಿಂತಿದೆ. ಎರಡನೆಯ ತಿಂಗಳಲ್ಲೇ ರೊವೆನಾ ಕಾಯಿಲೆ ಬೀಳುತ್ತಾಳೆ. ಅವಳ ಬಟ್ಟಲಿಗೆ ಎಲ್ಲಿಂದಲೋ ಮೂರು ನಾಲ್ಕು ಕೆಂಪು ಹನಿಗಳು ಬಿದ್ದುದನ್ನು ತಾನು ಕಂಡಂತಾಯಿತು ಎನ್ನುತ್ತಾನೆ ನಿರೂಪಕ. ಅವಳು ಸಾಯುತ್ತಾಳೆ. ಶವ ಕಾಯುವ ರಾತ್ರಿ ಆ ದೇಹಕ್ಕೆ ಮತ್ತೆ ಮತ್ತೆ ಜೀವ ಬಂದು ಹೋಗುತ್ತದೆ. ಕೊನೆಗೆ ಎದ್ದು ನಿಂತವಳ ಕೂದಲು ಕಪ್ಪು, ಕಣ್ಣುಗಳು ಲಿಜಿಯಾಳವು. ಕಥೆ ಅಲ್ಲಿಗೇ ನಿಲ್ಲುತ್ತದೆ.

ಅಲೌಕಿಕವೋ, ಭ್ರಮೆಯೋ

ಇದನ್ನು ನೇರವಾಗಿ ಪರಕಾಯಪ್ರವೇಶದ ಕಥೆಯೆಂದು ಓದಬಹುದು. ಆದರೆ ನಿರೂಪಕನು ಅಫೀಮಿನ ದಾಸ; ಹನಿಗಳನ್ನು ಕಂಡವನು ಅವನೊಬ್ಬನೇ. 1944ರಲ್ಲಿ ವಿಮರ್ಶಕ ರಾಯ್ ಬ್ಯಾಸ್ಲರ್, ಇದು ಗೀಳು ಹಿಡಿದವನೊಬ್ಬನ ಮನಸ್ಸಿನ ಕಥೆಯೆಂದೂ ರೊವೆನಾಳಿಗೆ ವಿಷವಿಟ್ಟವನು ನಿರೂಪಕನೇ ಇರಬಹುದೆಂದೂ ವಾದಿಸಿದನು. ಪೋ ಎರಡೂ ಓದುಗಳಿಗೆ ಎಡೆಗೊಟ್ಟಿದ್ದಾನೆ. ಯಾವ ಓದನ್ನು ಹಿಡಿದರೂ ಒಂದು ಸಂಗತಿ ಉಳಿಯುತ್ತದೆ: ರೊವೆನಾಳ ಸಾವಿಗೆ ಈ ಕಥೆಯಲ್ಲಿ ಅಳುವವರಿಲ್ಲ. ಒಬ್ಬಳ ಸಾವನ್ನು ಒಪ್ಪಲಾರದವನಿಗೆ ಇನ್ನೊಬ್ಬಳ ದೇಹ ಬರಿಯ ಸ್ಥಳವಾಗಿಬಿಟ್ಟಿದೆ. ಕಥೆಯ ನಿಜವಾದ ಭೀಕರತೆ ಇರುವುದು ಇಲ್ಲಿ, ಎದ್ದು ನಿಂತ ಶವದಲ್ಲಲ್ಲ.

ಪರಿಷ್ಕರಣೆ

ಪೋ 1843ರಲ್ಲಿ ಪ್ರಕಟಿಸಿದ 'ದಿ ಕಾಂಕರರ್ ವರ್ಮ್' ಕವಿತೆಯನ್ನು ಮುಂದೆ ಲಿಜಿಯಾಳದೇ ರಚನೆಯೆಂಬಂತೆ ಕಥೆಯೊಳಗೆ ಸೇರಿಸಿದನು. ಕವಿತೆಯಲ್ಲಿ ಗೆಲ್ಲುವುದು ಶವ ತಿನ್ನುವ ಹುಳು. ಹೀಗಾಗಿ ಇಚ್ಛಾಶಕ್ತಿಯ ಗೆಲುವಿನ ಮೇಲೆ ಕಥೆಯೊಳಗಿನಿಂದಲೇ ಸಂದೇಹ ಬೀಳುತ್ತದೆ. ಮುಕ್ತಾಯದ ಬಗ್ಗೆ ಕವಿ ಫಿಲಿಪ್ ಪೆಂಡಲ್ಟನ್ ಕುಕ್ 1839ರಲ್ಲಿ ಆಕ್ಷೇಪಿಸಿದಾಗ, ಕೊನೆಯಲ್ಲಿ ಲಿಜಿಯಾಳ ರೂಪ ಕ್ರಮೇಣ ಮಾಸಿ, ಅವಳು ರೊವೆನಾಳಾಗಿಯೇ ಸಮಾಧಿ ಸೇರಬೇಕಿತ್ತೆಂದು ಪೋ ಒಪ್ಪಿಕೊಂಡನು. ಆದರೆ ಈ ವಸ್ತುವಿಗೆ ಸಮೀಪದ 'ಮೊರೆಲ್ಲಾ' ಕಥೆಯನ್ನು ಅದಾಗಲೇ ಬರೆದಿದ್ದರಿಂದ 'ಲಿಜಿಯಾ'ದ ಮುಕ್ತಾಯವನ್ನು ಇದ್ದಂತೆಯೇ ಬಿಟ್ಟನು.