ಮರಿಗಳನ್ನೇ ಹುಡುಕುವ ಪಾರ್ವೋ

ಪಾರ್ವೋ ಬಡಿದ ನಾಯಿಮರಿಯನ್ನು ಆಸ್ಪತ್ರೆಯ ಬಾಗಿಲಲ್ಲೇ ವಾಸನೆಯಿಂದ ಗುರುತು ಹಿಡಿಯಬಹುದು. ಆ ರಕ್ತಭೇದಿಯ ನಾತ ಮೂಗು ಬಿಡುವುದಿಲ್ಲ. ಮುಧೋಳ ತಳಿಯ ಮರಿ ಹೊತ್ತು ತಂದವರು ಕೇಳುವುದೂ ಹೆಚ್ಚುಕಮ್ಮಿ ಒಂದೇ ಪ್ರಶ್ನೆ: "ಡಾಕ್ಟ್ರ, ಇದರ ಅವ್ವಗ ಏನೂ ಆಗಿಲ್ರಿ, ಮರಿಗಷ್ಟ ಯಾಕ ಬಂತು?" ಲಸಿಕೆಯೋ ಹಳೆಯ ಸೋಂಕೋ ತಾಯಿಯನ್ನು ಕಾಯುತ್ತಿರುತ್ತದೆ ಎನ್ನುವುದು ಅರ್ಧ ಉತ್ತರ. ಉಳಿದರ್ಧ ಜೀವಕೋಶದೊಳಗಿದೆ.

ನಾಯಿಗಳ ಪಾರ್ವೋ ವೈರಾಣು 1978ರ ಸುಮಾರಿಗೆ ಕಾಣಿಸಿಕೊಂಡು, ಬಲು ಬೇಗ ಲೋಕವನ್ನೆಲ್ಲ ಸುತ್ತಿತು. ಇಷ್ಟು ಮಾಡಿದ ಅದರ ಬಳಿ ಇರುವುದು ಸುಮಾರು 5,000 ಅಕ್ಷರಗಳ ಒಂಟಿ ಎಳೆಯ ಡಿಎನ್‌ಎ. ಅದನ್ನು ನಕಲು ಮಾಡಲು ಬೇಕಾದ ಪಾಲಿಮರೇಸ್ ಕಿಣ್ವ ಸಹ ಅದಕ್ಕಿಲ್ಲ. ಹೊಕ್ಕ ಕೋಶದ್ದನ್ನೇ ಬಳಸಬೇಕು.

ಕೋಶವಾದರೋ ಆ ಕಿಣ್ವಗಳನ್ನು ಸದಾ ಸಜ್ಜಾಗಿ ಇಟ್ಟಿರುವುದಿಲ್ಲ. ಎರಡಾಗಿ ಒಡೆಯುವ ಮುನ್ನ ತನ್ನ ಡಿಎನ್‌ಎಯನ್ನು ಇಮ್ಮಡಿಸಿಕೊಳ್ಳುವ ಹೊತ್ತು, ಅಂದರೆ 'ಎಸ್' ಹಂತದಲ್ಲಿ, ಅವು ಕೆಲಸಕ್ಕಿಳಿಯುತ್ತವೆ. ಕೋಶವನ್ನು ಹಂತದಿಂದ ಹಂತಕ್ಕೆ ದಾಟಿಸುವವು ಸೈಕ್ಲಿನ್ ಎಂಬ ಪ್ರೋಟೀನುಗಳು ಮತ್ತು ಅವುಗಳ ಜೊತೆಗಾರ ಕೈನೇಸ್ ಕಿಣ್ವಗಳು. ಇಲಿಯ ಒಂದು ಪಾರ್ವೋ ವೈರಾಣುವಿನ ಮೇಲೆ ನಡೆದ ಪ್ರಯೋಗಗಳ ಪ್ರಕಾರ, ಒಂಟಿ ಎಳೆ ಜೋಡಿಯಾಗಲು ಸೈಕ್ಲಿನ್-ಎ ಬೇಕೇ ಬೇಕು. ಜೋಡಿಯಾಗದೆ ಅದರ ವಂಶವಾಹಿಗಳು ಕೆಲಸಕ್ಕೆ ಬಾರವು. ಅಲ್ಲಿಯವರೆಗೆ ವೈರಾಣು, ಮದುವೆಮನೆಯಲ್ಲಿ ಒಲೆ ಹೊತ್ತಲಿ ಎಂದು ಮೂಲೆ ಹಿಡಿದು ಕೂತ ಕರೆಯದ ನೆಂಟ.

ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ಪ್ಯಾಪಿಲೋಮಾ ವೈರಾಣುವಿಗೆ ಈ ಸಹನೆ ಇಲ್ಲ. ಕೋಶಕ್ಕೆ ಅಡ್ಡನಿಂತು ತಡೆಯುವ 'ಆರ್‌ಬಿ' ಎಂಬ ಪ್ರೋಟೀನನ್ನೇ ಅದರ 'ಇ7' ಪ್ರೋಟೀನು ಕೆಡವಿ, ಒಡೆಯುವುದನ್ನು ಬಿಟ್ಟ ಕೋಶವನ್ನೂ ಎಸ್ ಹಂತಕ್ಕೆ ನೂಕುತ್ತದೆ. ಪಾರ್ವೋಗೆ ಆ ಕಸುವಿಲ್ಲ. ಆದ್ದರಿಂದಲೇ ಅದರ ರೋಗಲಕ್ಷಣಗಳು ನನಗೆ ದೇಹದ ನಕಾಶೆಯಂತೆ ಕಾಣುವುದು: ಎಲ್ಲಿ ಕೋಶಗಳು ಬಿಡುವಿಲ್ಲದೆ ಹುಟ್ಟುತ್ತಿವೆಯೋ ಅಲ್ಲೆಲ್ಲ ಹಾವಳಿ. ಕರುಳಿನ ಒಳಪದರ ದಿನಗಳಲ್ಲೇ ಹೊಸದಾಗುತ್ತದೆ. ಅದನ್ನು ಹುಟ್ಟಿಸುವ ಕುಳಿಗಳ ಕೋಶಗಳು ಸಾಯುತ್ತವೆ. ಮಜ್ಜೆಯೂ ಕೆಡುವುದರಿಂದ ಬಿಳಿ ರಕ್ತಕಣ ಕುಸಿಯುತ್ತದೆ. ಕರುಳಿನ ಗೋಡೆ ಕಳಚಿ ಬ್ಯಾಕ್ಟೀರಿಯಾಗಳು ರಕ್ತಕ್ಕೆ ನುಗ್ಗುವ ಹೊತ್ತಿಗೇ ಕಾವಲಿನವರು ಇಲ್ಲ. ಹುಟ್ಟಿದ ಮೊದಲ ವಾರಗಳಲ್ಲಿ ಹೃದಯದ ಸ್ನಾಯುಕೋಶಗಳೂ ವಿಭಜಿಸುತ್ತಿರುತ್ತವೆ. ಆಗ ಸೋಂಕಿದರೆ ಹೃದಯವೇ ಗುರಿ, ಆಡುತ್ತಿದ್ದ ಮರಿ ಇದ್ದಕ್ಕಿದ್ದಂತೆ ಸಾಯಬಹುದು. ತಾಯಂದಿರ ಪ್ರತಿಕಾಯಗಳ ದೆಸೆಯಿಂದ ಈಗ ಅದು ಅಪರೂಪ.

ನಾವು ಹಾಕುವ ಡ್ರಿಪ್, ವಾಂತಿ ನಿಲ್ಲುವ ಔಷಧಿ, ಆ್ಯಂಟಿಬಯಾಟಿಕ್ ಯಾವುದೂ ವೈರಾಣುವನ್ನು ಕೊಲ್ಲುವುದಿಲ್ಲ. ಕರುಳು ಚಿಗುರುವವರೆಗೆ ಮರಿಯನ್ನು ಉಳಿಸಿಕೊಳ್ಳುತ್ತವೆ, ಅಷ್ಟೆ. ಲಸಿಕೆಯನ್ನು ಆರೆಂಟು ವಾರಕ್ಕೆ ಶುರುಮಾಡಿ, ಮರಿಗೆ 16 ವಾರ ಆಗುವವರೆಗೂ ಮರುಡೋಸ್ ಕೊಡಬೇಕು. ಒಂದು ಸೂಜಿ ಚುಚ್ಚಿಸಿ ಮಾಯವಾಗುವವರೇ ಜಾಸ್ತಿ!

ಕ್ಯಾನ್ಸರ್ ಗಡ್ಡೆಯಲ್ಲೂ ಕೋಶಗಳು ಬಿಡುವಿಲ್ಲದೆ ಒಡೆಯುತ್ತವಲ್ಲ? ಜರ್ಮನಿಯ ಹೈಡೆಲ್‌ಬರ್ಗ್‌ನ ವೈದ್ಯರು, ಗ್ಲಯೋಬ್ಲಾಸ್ಟೋಮಾ ಎಂಬ ಮೆದುಳಿನ ಗಡ್ಡೆ ಮರುಕಳಿಸಿದ 18 ರೋಗಿಗಳಿಗೆ 'ಎಚ್-1' ಎಂಬ ಇಲಿಗಳ ಪಾರ್ವೋ ವೈರಾಣುವನ್ನು ಕೊಟ್ಟು ನೋಡಿದರು. 2017ರಲ್ಲಿ ಪ್ರಕಟವಾದ ವರದಿಯ ಪ್ರಕಾರ ರೋಗಿಗಳು ಅದನ್ನು ತಾಳಿಕೊಂಡರು. ಗಡ್ಡೆಯನ್ನು ಅದು ವಾಸಿಮಾಡುತ್ತದೆ ಎನ್ನಲು ಆ ಪ್ರಯೋಗ ಸಾಲದು.